ಬಾವಿಕಟ್ಟೆಯ ಅಜ್ಜಿಗೆ ಎರಡು ಸೆಕೆಂಡು

೧

"ಗಾಜು ಒರೆಸೋನ ಕೈಗೆ ಕೋಡ್ ಕೊಟ್ಟರೆ ಕತ್ತೆ ಮಾತಾಡುತ್ತೆ. ಇನ್ನೇನು, ಅಜ್ಜಿ ಮಾತಾಡ್ತಾಳಾ?"

ಕಥೆಯನ್ನು ಹೀಗೆ ಶುರು ಮಾಡಬಹುದಾ? ನನಗೂ ಗೊತ್ತಿಲ್ಲ. ಮೇಜಿನ ಸುತ್ತ ಒಂಬತ್ತು ಜನ ಕೂತಿದ್ದಾಗ, ಬೆಳಗ್ಗೆ ಹನ್ನೊಂದೂವರೆಗೆ, ಸೀನಿಯರ್ ಪ್ರೋಗ್ರಾಮರ್ ಅನ್ನಿಸಿಕೊಂಡವನು ನಮ್ಮ ಕಥೆಯವನಿಗೆ ಹೇಳಿದ ಮಾತಿದು. ಎಲ್ಲರೂ ನಕ್ಕರು. ಒಬ್ಬಳು ನಗು ತಡೆಯಲು ಹೋಗಿ ಟೀ ಮೂಗಿಗೆ ಏರಿಸಿಕೊಂಡಳು. ನಮ್ಮ ಕಥೆಯವನು ನಗಲಿಲ್ಲ. ಅವನ ಬಲಗೈ ಮೇಜಿನ ಕೆಳಗೆ ಮುಷ್ಟಿಯಾಯಿತು.

ಅಲ್ಲಿಗೇ ನಿಲ್ಲಿಸಿದ್ದೇನೆ. ಮುಷ್ಟಿ ಅಲ್ಲೇ ಇರಲಿ, ಟೀ ಮೂಗಲ್ಲೇ ಇರಲಿ. ಅವರನ್ನೆಲ್ಲ ಹಾಗೆ ಕೂರಿಸಿಟ್ಟು ನಾವು ಸ್ವಲ್ಪ ಹಿಂದೆ ಹೋಗಿಬರೋಣ.

(ಇದಕ್ಕೂ ಮುಂಚೆ ಎರಡು ಸಲ ಬೇರೆ ಥರ ಶುರು ಮಾಡಿದ್ದೆ. ಮೊದಲನೆಯದು: 'ಕಂಪ್ಯೂಟರಿನ ದೊಡ್ಡ ಆಟಗಳನ್ನು ಮೊಬೈಲಿಗೆ ತರುವುದು ಇಂದಿನ ಯುಗದ ಸವಾಲು.' ಹರಿದು ಹಾಕಿದೆ. ಯುಗದ ಸವಾಲು ಅನ್ನುವವರ ಕೈಗೆ ಮೈಕು ಕೊಡಿ, ಪೆನ್ನು ಕೊಡಬೇಡಿ. ಎರಡನೆಯದು: 'ಅವನು ಬಡವ, ಆದರೆ ಛಲವಂತ.' ಅಷ್ಟಕ್ಕೇ ಅವನು ಹಾಳೆಯಿಂದ ತಲೆಯೆತ್ತಿ, "ಬಡವ ಅಂತ ಯಾರು ಹೇಳಿದ್ದು ನಿಂಗೆ? ಕೇಳಿದ್ಯಾ ನನ್ನ?" ಅಂದ. ಅದನ್ನೂ ಹರಿದೆ.)

೨

ಆಟ ಹದಿನೈದು ವರ್ಷ ಹಳೆಯದು. ಕತ್ತಿ ಹಿಡಿದ ಒಬ್ಬ, ಹಾಳುಬಿದ್ದ ಏಳು ಊರು, ಊರಿಗೊಂದು ರಾಕ್ಷಸ. ಹೊಡೆಯಬೇಕು, ಹೊಡೆದು ಬಲ ಬರಿಸಿಕೊಳ್ಳಬೇಕು, ಬಲ ಬಂದ ಮೇಲೆ ಇನ್ನೂ ದೊಡ್ಡದನ್ನು ಹೊಡೆಯಬೇಕು. ಇಂಥದಕ್ಕೆ ಆ್ಯಕ್ಷನ್ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. ಆಡುವವನೇ ಒಂದು ಪಾತ್ರವಾಗಿ, ಬಡಿದಾಡುತ್ತಾ ಬೆಳೆಯುತ್ತಾ ಹೋಗುವುದು. ಕಂಪ್ಯೂಟರಿನಲ್ಲಿ ಇದನ್ನು ಆಡಲು ಇಪ್ಪತ್ತೆರಡು ಕೀಲಿ, ಒಂದು ಮೌಸ್ ಬೇಕು. ಮೊಬೈಲಿನಲ್ಲಿ ಇರೋದು ಎರಡು ಹೆಬ್ಬೆರಳು.

ಇಪ್ಪತ್ತೆರಡು ಕೀಲಿ ಎರಡು ಬೆರಳೊಳಗೆ ಹೇಗೆ ಹೋಗುತ್ತವೆ? ಈ ಆಫೀಸು ಎಂಟು ತಿಂಗಳಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದೊಂದೇ. ಉತ್ತರ ಹುಡುಕಲು ಕರೆತಂದದ್ದು ಇವನನ್ನು. ಇವನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸೋದರಮಾವನ ಅಂಗಡಿಯಲ್ಲಿ ಒಡೆದ ಮೊಬೈಲುಗಳ ಗಾಜು ಬದಲಾಯಿಸುತ್ತಿದ್ದವನು. ಆಫೀಸಿನಲ್ಲಿ ಇವನ ಹೆಸರು 'ಗಾಜು'. ಮುಂದೆ ನಾನೂ ಹಾಗೇ ಕರೆಯುತ್ತೇನೆ. ಅವನಿಗೆ ಇಷ್ಟವಿಲ್ಲ. ಮನೆಯ ಹೆಸರು ಹೇಳಪ್ಪ ಅಂದರೆ, ಅದು ಮನೆಯೋರಿಗೆ ಅಂತಾನೆ.

ಗಾಜುವಿನ ಕಸುಬು ವಿಚಿತ್ರದ್ದು, ಕೇಳಿ. ಮೊಬೈಲಿನ ಗಾಜಿನ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಇರುತ್ತದೆ, ಬೆರಳಿನ ಜಿಡ್ಡು ಅಂಟದಿರಲಿ ಅಂತ. ಬೆರಳು ಉಜ್ಜಿ ಉಜ್ಜಿ ಅದು ಅಲ್ಲಲ್ಲಿ ಸವೆಯುತ್ತದೆ. ಸವೆದದ್ದು ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಬಾಯಿ ಹತ್ತಿರ ತಂದು 'ಹಾ' ಅಂತ ಊದಿದರೆ, ಸವೆದ ಕಡೆ ಮಂಜು ಕಟ್ಟುವ ರೀತಿಯೇ ಬೇರೆ. ಒಂದು ಕ್ಷಣ ಇಡೀ ಮನುಷ್ಯನ ಹೆಬ್ಬೆರಳಿನ ನಕ್ಷೆ ಎದ್ದು ನಿಲ್ಲುತ್ತದೆ. ಆಮೇಲೆ ಆರಿಹೋಗುತ್ತದೆ. ಬದಲಾಯಿಸಿದ ಹಳೆಯ ಗಾಜುಗಳನ್ನು ಎಲ್ಲರೂ ಎಸೆಯುತ್ತಿದ್ದರು. ಇವನು ಶೂ ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದ. ಯಾಕೆ ಅಂತ ಮಾವ ಕೇಳಿದ್ದಕ್ಕೆ, ನೋಡೋಕೆ ಚೆನ್ನಾಗಿದೆ ಅಂದಿದ್ದನಂತೆ.

ಈ ಆಫೀಸಿನ ಯಜಮಾನಿ ಒಮ್ಮೆ ಅಂಗಡಿಗೆ ಗಾಜು ಹಾಕಿಸಲು ಬಂದಿದ್ದಳು. ಇವನು ಅವಳ ಒಡೆದ ಗಾಜಿಗೆ ಊದಿ, ನೀವು ಎಡಚರು, ಆಟ ಆಡ್ತೀರ, ಸೋಲೋದೇ ಜಾಸ್ತಿ ಅಂದ. ಸೋಲೋದು ಹೇಗೆ ಗೊತ್ತಾಯ್ತು ಅಂತ ಅವಳು ಕೇಳಿದಳು.

"ಮೇಲಿನ ಮೂಲೆ ಸವೆದಿದೆ. 'ಮತ್ತೆ ಶುರು ಮಾಡು' ಅನ್ನೋ ಬಟನ್ ಇರೋದು ಅಲ್ಲೇ."

ಮಾರನೇ ವಾರ ಇವನಿಗೆ ಕೆಲಸ. ಮುನ್ನೂರ ಹನ್ನೆರಡು ಗಾಜುಗಳ ಸಮೇತ ಬಂದ. ಆಟದ ಚಿತ್ರವನ್ನು ಕಾಗದಕ್ಕೆ ಅಚ್ಚು ಹಾಕಿ, ಮೇಲೆ ಗಾಜಿಟ್ಟು, ಊದಿ, ಮಂಜು ಆರುವುದರೊಳಗೆ ಪೆನ್ನಿನಿಂದ ಗುರುತು ಮಾಡುವುದು. ಹೆಬ್ಬೆರಳು ತಾನಾಗಿ ಹೋಗುವ ಕಡೆ ಕತ್ತಿಯ ಬಟನ್ನು, ಕಷ್ಟಪಟ್ಟು ಹೋಗುವ ಕಡೆ ಚೀಲದ್ದು, ಹೋಗಲೇ ಆಗದ ಕಡೆ ಏನೂ ಇಲ್ಲ. ಮೊದಮೊದಲು ಎಲ್ಲರೂ ಕಿಸಕ್ಕಂದರು. ಎರಡು ತಿಂಗಳಲ್ಲಿ, ಡಿಗ್ರಿ ಮೇಲೆ ಡಿಗ್ರಿ ಮಾಡಿದವರೆಲ್ಲ ಸಾಲಾಗಿ ಕೂತು ಗಾಜಿಗೆ 'ಹಾ ಹಾ' ಊದುತ್ತಿದ್ದರು. ಹೊರಗಿನವರು ಬಂದು ನೋಡಿದ್ದರೆ ಯಾವುದೋ ಉಸಿರಾಟದ ಕ್ಲಾಸು ಅಂದುಕೊಳ್ಳುತ್ತಿದ್ದರು. ಹಾಗೆ ಇಪ್ಪತ್ತೆರಡು ಕೀಲಿ ಏಳು ಬಟನ್ನಿಗೆ ಇಳಿದವು.

ಸೀನಿಯರ್ ಊದಲಿಲ್ಲ.

೪

(೩ನೇ ಭಾಗದಲ್ಲಿ ಟೀ ಮೂಗಿಗೇರಿಸಿಕೊಂಡವಳಿಗೂ ಗಾಜುವಿಗೂ ಒಂದು ಪ್ರೇಮ ಇಟ್ಟಿದ್ದೆ. ಇಬ್ಬರೂ ಒಪ್ಪಲಿಲ್ಲ.)

ಈಗ ಅಜ್ಜಿ. ಜಗಳವೆಲ್ಲ ಅವಳದೇ.

ಆಟದ ಮೂರನೇ ಊರಿನಲ್ಲಿ, ಬಾವಿಕಟ್ಟೆಯ ಪಕ್ಕ ಒಬ್ಬ ಅಜ್ಜಿ ನಿಂತಿರುತ್ತಾಳೆ. ಅವಳ ಹತ್ತಿರ ಆಯುಧವಿಲ್ಲ, ನಿಧಿಯಿಲ್ಲ, ಅವಳಿಂದ ಬಲವೂ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಮೌಸಿನ ಬಾಣವನ್ನು ಅವಳ ಮೇಲೆ ತಂದು, ಏನೂ ಒತ್ತದೆ, ಎರಡು ಸೆಕೆಂಡು ಸುಮ್ಮನೆ ಬಿಟ್ಟರೆ ಅವಳು ಮಾತಾಡುತ್ತಾಳೆ. ಹನ್ನೊಂದು ವಾಕ್ಯ. ಮೊದಲನೆಯದು ಹೀಗಿದೆ: 'ಮೊದಲ ಊರಲ್ಲಿ ನೀನು ಹೊಡೆದದ್ದು ನನ್ನ ಮಗನನ್ನು. ಇರಲಿ, ನೀರು ಕುಡೀತೀಯಾ?'

ಆಡುವವನು ಅಲ್ಲಿತನಕ ಅವನನ್ನು ರಾಕ್ಷಸ ಅಂದುಕೊಂಡು ಬಂದಿರುತ್ತಾನೆ, ನೋಡಿ.

ಈಗ ಇದನ್ನು ಮೊಬೈಲಿಗೆ ತನ್ನಿ. ಮೌಸಿಗೆ ಇರುವ ಒಂದು ಗುಣ ಬೆರಳಿಗಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ಬಾಣವನ್ನು ಒಂದರ ಮೇಲೆ ಸುಮ್ಮನೆ ಇಡಬಹುದು, ಒತ್ತಬೇಕಿಲ್ಲ. ನೋಡುವುದೇ ಬೇರೆ, ಮುಟ್ಟುವುದೇ ಬೇರೆ. ಬೆರಳಿಗೆ ಸುಮ್ಮನೆ ನೋಡಲು ಬರುವುದಿಲ್ಲ. ಗಾಜಿಗೆ ತಾಗಿತೋ, ಏನೋ ಒಂದು ಮಾಡಿಯೇ ಮಾಡುತ್ತದೆ. ಹೊಡೆದಾಟದ ಆಟದಲ್ಲಿ ಅದು ಮಾಡುವುದು ಹೊಡೆಯುವುದನ್ನೇ.

ಪರೀಕ್ಷೆಗೆ ನಲವತ್ತು ಜನರನ್ನು ಕರೆಸಿ ಆಡಿಸಿದರು. ಮೂವತ್ತೆಂಟು ಜನ ಅಜ್ಜಿಯನ್ನು ಮಾತಾಡಿಸಲು ಹೋಗಿ ಕೊಂದರು. ಕೆಲವರು 'ಅಯ್ಯೋ' ಅಂದರು. ಬಹಳ ಜನ ಅದನ್ನೂ ಅನ್ನಲಿಲ್ಲ. ಉಳಿದ ಇಬ್ಬರು ಅಜ್ಜಿಯನ್ನು ಗಮನಿಸಲೇ ಇಲ್ಲ.

ಯಜಮಾನಿ ಒಂದು ಗಡುವು ಹಾಕಿದಳು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಆಟ ಹೊರಗೆ ಹೋಗುತ್ತದೆ. ಅಷ್ಟರೊಳಗೆ ಮೊಬೈಲಿನಲ್ಲಿ ಅಜ್ಜಿ ಮಾತಾಡಿದರೆ ಅವಳು ಆಟದಲ್ಲಿ ಇರುತ್ತಾಳೆ. ಇಲ್ಲದಿದ್ದರೆ ತೆಗೆದು ಹಾಕುವುದು, ಬಾವಿಕಟ್ಟೆ ಖಾಲಿ.

ತೆಗೆದು ಹಾಕೋಣ ಅಂತ ಮೊದಲು ಹೇಳಿದವನು ಸೀನಿಯರ್.

೫

ಇಲ್ಲಿ ನಾನು ಸೀನಿಯರನ್ನು ವಿಲನ್ ಮಾಡಿ ಮುಗಿಸಿಬಿಡುತ್ತಿದ್ದೆ. ಕೈ ಕಡಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಸಿ ರೂಮು, ದಪ್ಪ ಕನ್ನಡಕ, ನಾಲ್ಕು ಜನರ ಮುಂದೆ ಇನ್ನೊಬ್ಬನನ್ನು ಚಿಕ್ಕವನನ್ನಾಗಿ ಮಾಡುವ ಚಾಳಿ. ಇಂಥವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ಪುಟ ಪೂರ್ತಿ ಅವನ ಹೊಟ್ಟೆಯ ಬಗ್ಗೆಯೇ ಬರೆದೆ. ಆಗ ಅವನೇ ಕುರ್ಚಿ ಎಳೆದುಕೊಂಡು ನನ್ನೆದುರು ಕೂತ.

"ಬರ್ಕೊಳಪ್ಪ, ನನ್ನ ಹೊಟ್ಟೆ ಬಗ್ಗೆ ಎಷ್ಟು ಬೇಕಾದರೂ ಬರ್ಕೊ. ಆದರೆ ಅಜ್ಜಿನ ಬರೆದದ್ದು ಯಾರು ಅಂತಾನೂ ಬರಿ."

ಯಾರು?

"ನಾನು."

ಹದಿನೈದು ವರ್ಷದ ಹಿಂದೆ, ಇವನಿಗೆ ಹೊಟ್ಟೆ ಇಲ್ಲದ ಕಾಲದಲ್ಲಿ, ಹನ್ನೊಂದು ವಾಕ್ಯಗಳನ್ನೂ ಬರೆದವನು ಇವನೇ. ಹೊಡೆದಾಟದ ಮಧ್ಯೆ ಬಾಣವನ್ನು ಸುಮ್ಮನೆ ನಿಲ್ಲಿಸುವ ಪುರುಸೊತ್ತು ಯಾರಿಗಿದೆ ಅಂತ ಅಂದಿನ ಆಫೀಸಿನವರು ನಕ್ಕಿದ್ದರಂತೆ. ಇವನು ಹಟ ಹಿಡಿದು ಸೇರಿಸಿದ. ಆಮೇಲೆ ವರ್ಷಗಟ್ಟಲೆ ಎಲ್ಲೆಲ್ಲಿಂದಲೋ ಆಡಿದವರು ಬರೆದು ತಿಳಿಸುತ್ತಿದ್ದರು, ನಮಗೆ ಅಜ್ಜಿ ಸಿಕ್ಕಿದಳು ಅಂತ. ಇವನು ಮಾಡಿದ ಮಿಕ್ಕಿದ್ದೆಲ್ಲ ಜನ ಮರೆತರು. ಹೋದ ತಿಂಗಳು ಅದೇ ಅಜ್ಜಿಯನ್ನು ಮೂವತ್ತೆಂಟು ಜನ ಕಡಿಯುವ ವಿಡಿಯೋವನ್ನು ಕೂತು ಪೂರ್ತಿ ನೋಡಿದ. ಒಂದೊಂದನ್ನೂ.

"ಅವಳು ಹಂಗೆ ಸಾಯೋದಕ್ಕಿಂತ ಇಲ್ಲದಿರೋದೇ ವಾಸಿ" ಅಂದ. ಮತ್ತೆ, "ಇದನ್ನ ಅವನಿಗೆ ಹೇಳಬೇಡ" ಅಂದ.

ನಾನು ಹೇಳಿಲ್ಲ. ನೀವೂ ಹೇಳಬೇಡಿ.

(ನನಗೆ ಕಥೆಯಲ್ಲಿ ಒಬ್ಬ ವಿಲನ್ ಬೇಕಿತ್ತು. ಇವನು ಅದನ್ನೂ ಕೆಡಿಸಿದ. ಹೊಟ್ಟೆಯ ಪುಟ ಹರಿದು ಹಾಕಿದೆ. ಕನ್ನಡಕ ಉಳಿಸಿಕೊಂಡಿದ್ದೇನೆ.)

೬

ಗಾಜುವಿನ ಅಮ್ಮ ದರ್ಜಿ. ಮುಂದಿನ ಕೋಣೆಯಲ್ಲೇ ಮಿಷನ್ನು, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಪ್ಯಾಂಟುಗಳು, ಒಂದೊಂದಕ್ಕೂ ಗಿರಾಕಿಯ ಗುರುತಿನ ಚೀಟಿ: 'ಉದ್ದನೆಯವರು', 'ಜಗಳದವರು', 'ನಾಳೆ ಅಂದೆ'. ರಜದ ದಿನ ಗಾಜು ಅವಳ ಕೈಗೆ ಮೊಬೈಲು ಕೊಟ್ಟು, ಸ್ವಲ್ಪ ಆಡಮ್ಮ ಅಂದ. ಅವಳು ಕತ್ತಿಯವನನ್ನು ಕುಂಟಿಸಿಕೊಂಡು, ಗೋಡೆಗೆ ಗುದ್ದಿಸಿಕೊಂಡು, ಹೇಗೋ ಮೂರನೇ ಊರಿಗೆ ತಂದಳು. ಮೊದಲ ಎರಡು ಊರಿನ ರಾಕ್ಷಸರನ್ನು ಮಗನ ಕೈಲಿ ಹೊಡೆಸಿದಳು. ಬಾವಿಕಟ್ಟೆ ಬಂತು. ಅಜ್ಜಿ ಕಂಡಳು. ಅಮ್ಮ ಮೊಬೈಲನ್ನು ಮಿಷನ್ನಿನ ಹಲಗೆಯ ಮೇಲಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು.

ಯಾಕಮ್ಮ, ಸಾಕಾಯ್ತಾ ಅಂದ.

"ಇಲ್ಲಪ್ಪ. ಯಾರೋ ವಯಸ್ಸಾದವರು ನಿಂತಿದಾರೆ. ಮಾತಾಡ್ಲಿ ಅಂತ."

"ಮುಟ್ಟಬೇಕಮ್ಮ, ಮುಟ್ಟದೆ ಹೇಗೆ ಮಾತಾಡ್ತಾರೆ?"

"ಮುಟ್ಟಿದ್ರೆ ನಿನ್ನ ಈ ಮಹಾಶಯ ಹೊಡೀತಾನಲ್ಲೋ. ಕತ್ತರಿ ಕೈಲಿ ಹಿಡ್ಕೊಂಡು ಯಾರಾದ್ರೂ ಗಿರಾಕಿನ ಮಾತಾಡಿಸ್ತಾರಾ?"

ಹೌದು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವಳು ಮೊದಲು ಕತ್ತರಿ ಕೆಳಗಿಡುತ್ತಾಳೆ, ಆಮೇಲೆ ತಲೆ ಎತ್ತುತ್ತಾಳೆ. ಹುಟ್ಟಿದಾಗಿನಿಂದ ನೋಡುತ್ತಾ ಬಂದವನಿಗೆ ಅವತ್ತು ಕಂಡಿತು. ಇವನು ಓಡಿಹೋಗಿ, ರಜಕ್ಕೆ ಆಫೀಸಿನಿಂದ ಮನೆಗೆ ತಂದಿದ್ದ ಶೂ ಡಬ್ಬಿ ತೆಗೆದು ಒಂದೊಂದೇ ಗಾಜಿಗೆ ಊದತೊಡಗಿದ. ಸವೆದ ಕಡೆಯನ್ನು ಸಾವಿರ ಸಲ ನೋಡಿದ್ದ. ಸವೆಯದ ಕಡೆಯನ್ನು ನೋಡಿರಲಿಲ್ಲ. ಪ್ರತಿ ಗಾಜಿನಲ್ಲೂ ಬೆರಳು ಮುಟ್ಟದ ಜಾಗವೇ ಹೆಚ್ಚು.

ಬೆರಳಿಗೆ ಸುಮ್ಮನೆ ನೋಡಲು ಬರುವುದಿಲ್ಲ, ನಿಜ. ಆದರೆ ಬೆರಳನ್ನು ತೆಗೆಯಬಹುದು. ಮೌಸು ಯಾವಾಗಲೂ ಎಲ್ಲಾದರೊಂದು ಕಡೆ ಇದ್ದೇ ಇರುತ್ತದೆ, ಇಲ್ಲದಿರುವುದು ಅದಕ್ಕೆ ಬರುವುದಿಲ್ಲ. ಬೆರಳಿಗೆ ಬರುತ್ತದೆ. ಅಜ್ಜಿಯ ಮುಂದೆ ಹೋಗಿ ನಿಂತು, ಎರಡೂ ಹೆಬ್ಬೆರಳನ್ನು ಗಾಜಿನಿಂದ ತೆಗೆದು, ಎರಡು ಸೆಕೆಂಡು ಬಿಟ್ಟರೆ?

ಇದನ್ನು ಅವನು ಬೇರೆಯವರಿಗೆ ಹೇಳಿ ಬರೆಸಬಹುದಿತ್ತು. ಹೇಳಲಿಲ್ಲ. ಮೂರು ವಾರ ಕೂತು ತಾನೇ ಕಲಿತು, ಅಲ್ಲಿಂದ ಇಲ್ಲಿಂದ ನೋಡಿಕೊಂಡು ಹದಿನಾಲ್ಕು ಸಾಲು ಕೋಡ್ ಬರೆದ. ಜೀವನದಲ್ಲಿ ಬರೆದ ಮೊದಲ ಹದಿನಾಲ್ಕು ಸಾಲು. ಒಂದು ತಪ್ಪು ಮಾಡಿದ. 'ಅಜ್ಜಿ' ಅಂತ ಬರೆಯುವ ಕಡೆ 'ಎದುರಿಗೆ ಹತ್ತಿರ ಇರುವವರು' ಅಂತ ಬರೆದ.

ಇವತ್ತು ಹನ್ನೊಂದೂವರೆಗೆ, ಎಂಟು ಜನರ ಮುಂದೆ, ಕತ್ತಿಯವನನ್ನು ಬಾವಿಕಟ್ಟೆಗೆ ನಡೆಸಿ, ಬೆರಳು ತೆಗೆದ. ಅಜ್ಜಿಗಿಂತ ಒಂದು ಹೆಜ್ಜೆ ಹತ್ತಿರದಲ್ಲಿ ಒಂದು ಕತ್ತೆ ಕಟ್ಟಿತ್ತು. ಕತ್ತೆಗೆ ಯಾರೂ ಮಾತು ಬರೆದಿರಲಿಲ್ಲ. ಒಂದು, ಎರಡು. ಕತ್ತೆಯ ತಲೆಯ ಮೇಲೆ ಮಾತಿನ ಡಬ್ಬಿಯೊಂದು ತೆರೆದುಕೊಂಡು, ಅದರೊಳಗೆ ದಪ್ಪಕ್ಷರದಲ್ಲಿ: 'ಇಲ್ಲಿ ಮಾತು ಹಾಕಿ.'

ಮಿಕ್ಕಿದ್ದು ನಿಮಗೆ ಗೊತ್ತು.

೧ (ಮತ್ತೆ)

ವಾಪಸ್ ಬಂದಿದ್ದೇವೆ. ಮುಷ್ಟಿ ಮೇಜಿನ ಕೆಳಗೇ ಇದೆ. ಟೀ ಮೂಗಿನಿಂದ ಇಳಿದಿದೆ.

ಈ ಮುಷ್ಟಿಯ ಇತಿಹಾಸ ಸ್ವಲ್ಪ ಹೇಳಬೇಕು. ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ಇವನಿಗೆ ಒಂದು ಮಾತು ಅಂದರು. ಇವನು ಉತ್ತರ ಕೊಟ್ಟದ್ದು ಡಸ್ಟರಿನಿಂದ. ಶಾಲೆ ಅವತ್ತಿಗೇ ಮುಗಿಯಿತು. ಏನಂದರೋ ಅವರು ಅಂತ ನಾನು ಎಷ್ಟು ಗೋಗರೆದರೂ ಹೇಳಿಲ್ಲ. ಮಾವನ ಅಂಗಡಿಯಲ್ಲಿ, ಹೀಯಾಳಿಸಿದ ಒಬ್ಬ ಗಿರಾಕಿಯ ಮೊಬೈಲನ್ನು ಅವನೆದುರೇ ಗೋಡೆಗೆ ಹೊಡೆದ. ಆಮೇಲೆ ಎರಡು ಗಂಟೆ ಕೂತು ಅದಕ್ಕೆ ಹೊಸ ಗಾಜನ್ನೂ ತಾನೇ ಹಾಕಿಕೊಟ್ಟ. ಇವನ ಬಾಯಿಗಿಂತ ಕೈ ಯಾವಾಗಲೂ ಮುಂದೆ. ಇವತ್ತೂ ಕೈ ಹೋದರೆ ಕೆಲಸ ಹೋಗುತ್ತದೆ. ಅದು ಹೋದರೆ ಹೋಗಲಿ. ಹದಿನಾಲ್ಕು ಸಾಲು ಹೋಗುತ್ತವೆ, ಅವುಗಳ ಜೊತೆ ಅಜ್ಜಿಯೂ ಹೋಗುತ್ತಾಳೆ.

ಅವನ ಮುಂದೆ ಮೂರು ಮುಗಿತಾಯ ಇಟ್ಟೆ.

ಅ) ನೀನು ಎದ್ದು ನಿಂತು, ತಪ್ಪಾಗಿರೋದು ಒಂದು ಪದ, ಐದು ನಿಮಿಷದ ಕೆಲಸ ಅಂತ ವಿವರಿಸುತ್ತೀಯ. ಎಲ್ಲರೂ ತಲೆದೂಗುತ್ತಾರೆ.

"ಯಾರು ತಲೆದೂಗ್ತಾರೆ? ನಕ್ಕು ಇನ್ನೂ ಬಾಯಿ ಮುಚ್ಚಿಲ್ಲ ಅವರು."

ಆ) ಹೊಡೆಯುತ್ತೀಯ. (ನಾನು ನಿಜವಾಗಲೂ ಬರೆಯಬೇಕೆಂದಿದ್ದು ಇದನ್ನೇ. ಕನ್ನಡಕ ಉಳಿಸಿಕೊಂಡದ್ದೂ ಇದಕ್ಕೇ, ಹಾರಿ ಬೀಳಲಿಕ್ಕೆ ಏನಾದರೂ ಬೇಕಲ್ಲ.)

ಅವನು ಮೇಜಿನಾಚೆಯ ಕನ್ನಡಕವನ್ನು ಒಮ್ಮೆ ನೋಡಿದ. ಆಸೆ ಇಲ್ಲ ಅಂತ ಹೇಳಲಿಲ್ಲ.

ಇ) ಸೀನಿಯರ್ ಎದ್ದು ಬಂದು, ಈ ಅಜ್ಜಿ ನನ್ನ ಕೂಸು, ಉಳಿಸಿಕೊಟ್ಟೆಯಲ್ಲಪ್ಪ ಅಂತ ನಿನ್ನ ಕೈ ಹಿಡಿಯುತ್ತಾನೆ.

ಇದಕ್ಕೆ ಸೀನಿಯರೇ ಮೇಜಿನ ಆ ಕಡೆಯಿಂದ ನನ್ನನ್ನು ದುರುಗುಟ್ಟಿ ನೋಡಿದ. ಹೇಳಬೇಡ ಅಂದಿದ್ದನಲ್ಲ.

ಮತ್ತೇನು ಮಾಡ್ತೀಯೋ ಮಾರಾಯ, ಒಂದು ಕಥೆ ಅಂದಮೇಲೆ ಏನಾದರೂ ಆಗಬೇಕಲ್ಲ ಅಂದೆ.

ಅವನು ನನ್ನನ್ನು ಕೇಳದೆ ಮುಷ್ಟಿ ಬಿಚ್ಚಿದ.

ಕೈ ಮೇಜಿನ ಮೇಲೆ ಬಂತು. ಸೀನಿಯರ್ ಕುರ್ಚಿಯನ್ನು ಒಂದಂಗುಲ ಹಿಂದಕ್ಕೆ ತಳ್ಳಿಕೊಂಡ. ಆದರೆ ಕೈ ಹೋದದ್ದು ಮೊಬೈಲಿನ ಕಡೆಗೆ. ಎರಡು ಹೆಬ್ಬೆರಳು ಗಾಜಿನ ಮೇಲೆ ಕೂತವು. ಕತ್ತಿಯವನು ಕತ್ತೆಯನ್ನು ಬಳಸಿಕೊಂಡು ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ನಡೆದ. ಕತ್ತೆ ಹಿಂದೆ ಉಳಿಯಿತು. ಎದುರಿಗೆ ಹತ್ತಿರ ಈಗ ಒಬ್ಬಳೇ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮೂವತ್ತೆಂಟು.

"ಏನು, ಬಾಯಿಲ್ವಾ?" ಅಂದ ಸೀನಿಯರ್. ಈ ಸಲ ಯಾರೂ ನಗಲಿಲ್ಲ.

ಯಜಮಾನಿ ಮುಂದಕ್ಕೆ ಬಾಗಿ, "ಏನಾದ್ರೂ ಹೇಳಪ್ಪ ನೀನು. ಇಡೋದಾ, ತೆಗೆಯೋದಾ?" ಅಂತ ಕೇಳಿದಳು.

ಗಾಜು ಮೊಬೈಲನ್ನು ಮೇಜಿನ ಮೇಲೆ, ಸರಿಯಾಗಿ ಸೀನಿಯರಿನ ಮುಂದೆ, ಸದ್ದಾಗದಂತೆ ಇಟ್ಟ. ಎರಡೂ ಕೈ ತೆಗೆದ. ಎದ್ದು ಬಾಗಿಲ ಕಡೆ ನಡೆದ.

ನಾನು ಹಿಂದೆ ಓಡಿದೆ. ಏಯ್, ನಿಲ್ಲೋ, ಎರಡೇ ಸೆಕೆಂಡು, ಮಾತಾಡ್ತಾಳೋ ಇಲ್ವೋ ನೋಡ್ಕೊಂಡು ಹೋಗೋಣ ಅಂದೆ.

"ಎರಡು ಸೆಕೆಂಡು ಅವಳಿಗೆ ಬೇಕು" ಅಂದ, ತಿರುಗದೆ. "ಮೂರನೇದಕ್ಕೆ ಅವನು ಬಾಯಿ ತೆಗೆದರೆ, ನನ್ನ ಕೈ ಆ ರೂಮಲ್ಲಿ ಇರಬಾರದು."

ಅದು ಅವನು ನನ್ನ ಹತ್ತಿರ ಆಡಿದ ಕೊನೆಯ ಮಾತು.

ನನ್ನ ಪಾಡು ನೋಡಿ. ಇದು ಅವನ ಹೆಗಲ ಪಕ್ಕದಿಂದ ಹೇಳುವ ಕಥೆ. ಅವನು ಎಲ್ಲಿ ಹೋದರೆ ನಾನೂ ಅಲ್ಲಿಗೆ. ಆ ರೂಮಿನಲ್ಲಿ ಈಗ ಏನಾಗುತ್ತಿದೆ ಅಂತ ನೋಡಲು ನನಗೆ ಕಣ್ಣಿಲ್ಲ. ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುವ ಜಾತಿಯದು. ಸಂದಿನಲ್ಲಿ ನನಗೆ ಕಂಡದ್ದು ಇಷ್ಟೇ: ಎಂಟು ತಲೆ ಮೇಜಿನ ಮೇಲೆ ಬಾಗಿದ್ದವು, ಸೀನಿಯರ್ ಕನ್ನಡಕ ತೆಗೆದು ಕೈಲಿ ಹಿಡಿದಿದ್ದ, ಯಾರ ಬೆರಳೂ ಗಾಜಿನ ಹತ್ತಿರ ಇರಲಿಲ್ಲ. ಆಮೇಲೆ ಬಾಗಿಲು ಮುಚ್ಚಿತು. ಅಜ್ಜಿ ಮಾತಾಡಿದಳಾ, ಇಲ್ಲ ಹದಿನಾಲ್ಕು ಸಾಲಿನಲ್ಲಿ ಇನ್ನೊಂದು ತಪ್ಪಿತ್ತಾ? ನೀವು ಇನ್ನೂ ಆ ರೂಮಿನಲ್ಲೇ ಇದ್ದರೆ ನನಗೂ ಒಂದು ಮಾತು ತಿಳಿಸಿ.

ಅವನು ಮೆಟ್ಟಿಲಿಳಿಯುತ್ತಿದ್ದಾನೆ. ಶೂ ಡಬ್ಬಿ ಮೇಲೆಯೇ ಬಿಟ್ಟು ಬಂದಿದ್ದಾನೆ, ಮುನ್ನೂರ ಹನ್ನೆರಡು ಗಾಜು. ಅಂದರೆ ನಾಳೆ ಬರುತ್ತೀಯ ತಾನೇ ಅಂತ ಕೇಳಿದೆ. ಎಲ್ಲಿಗೆ ಹೊರಟೆ, ಮಾವನ ಅಂಗಡಿಗಾ ಅಂತ ಕೇಳಿದೆ. ಅಷ್ಟು ಕೋಪ ಎಲ್ಲಿ ಇಟ್ಟೆಯೋ, ನನಗಾದರೂ ಹೇಳು, ನನಗೆ ಬೇಕಾಗುತ್ತದೆ ಅಂತ ಕೇಳಿದೆ.

ಬೀದಿಗೆ ಬಂದ. ಎರಡೂ ಕೈ ಜೇಬಿನಿಂದಾಚೆ, ಬಿಡುಬೀಸಾಗಿ. ಎದುರಿಗೆ ಬಂದ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಬಗ್ಗಿದ ತಲೆಗಳು, ಸಾಲಾಗಿ ಹೆಬ್ಬೆರಳುಗಳು. ಬಸ್ಸು ದಾಟುವವರೆಗೆ ನಿಂತ. ಆಮೇಲೆ ರಸ್ತೆ ದಾಟಿ ನಡೆದ.